ಹಗ್ಗದ ಮ್ಯಾಲಿನ ಜಾಹೀರಾತು

ರಾತ್ರಿಪಾಳಿ ಮುಗಿಸಿ ದವಾಖಾನಿಯಿಂದ ಬಂದು
ಮಾಳಗಿ ಮ್ಯಾಲ ನಿಂತು ಹಲ್ಲು ತಿಕ್ಕೋ ಹೊತ್ತಿಗಿ
ಎದುರುಮನಿ ಜೈತುನ್‌ಬಿ ಹಗ್ಗ ಕಟ್ಟಿರ್ತಾಳ.
ಕಲಬುರಗಿಗಿ ಯಾವ ಕಂಪನಿ ಬಂದದ, ಯಾವ ನಾಟಕ ಏರ್ತದ,
ನನಗ ಗೋಡಿ ಮ್ಯಾಲಿನ ಪೋಸ್ಟರ್ ಬ್ಯಾಡ,
ಮೈಕ್ ಕಟ್ಟಿಕೊಂಡು ಒದರೋ ಆಟೋ ಬ್ಯಾಡ.
ಬಾಡಿಗಿ ಡ್ರೆಸ್ಸು ಒಗದು ಹಾಕ್ಯಾಳಂದ್ರ
ವಾರದ ಸುದ್ದಿ ಅಲ್ಲೇ ಜೋತಾಡ್ತದ.

ಫೌಜದಾರನ ಖಾಕಿ ಅಂಗಿ ಒಣಗ್ಲಿಕ್ಕತ್ತಿದ್ರ
ಐತವಾರ ನಗಿ ನಾಟಕ.
ಹೆಗಲಿಗಿ ಮೂರು ಚಿಕ್ಕಿ ಇದ್ರ ಅಂವ ಕೆಟ್ಟಾಂವ,
ಒಂದೇ ಇದ್ದು ಅದೂ ದಾರಕ್ಕ ಜೋತುಬಿದ್ದಿದ್ರ ಹಾಸ್ಯದಾಂವ.
ಸಾಹುಕಾರನ ಬಿಳಿ ಧೋತರಕ್ಕ
ಹೋದವರ್ಷದ ಕೆಂಪು ಕಲಿ ಹಂಗೇ ಅದ ಅಂದ್ರ
ಕೊನೀ ಅಂಕದಾಗ ಕೊಡ್ಲಿ ಅದ.
ನಾ ವಾರ್ಡಿನಾಕಿ, ರಕ್ತ ನನಗ ಗೊತ್ತದ:
ಖರೇದು ತಣ್ಣೀರಿಗಿ ಬಿಡ್ತದ,
ನಾಟಕದ್ದು ಬಿಡಂಗಿಲ್ಲ.

ಎಷ್ಟು ಓದಿದ್ರೇನು?
ನಾಟಕ ಏರೋ ಹೊತ್ತಿಗಿ ನಾ ಸಲೈನ್ ಏರಸ್ತಿರ್ತೀನಿ.

ಈ ಸಲ ಮಾತ್ರ ತಲಿ ಓಡ್ಲಿಲ್ಲ.
ಬೆಳ್ಳಿಬಣ್ಣದ ಲಂಗ, ಬೆನ್ನಿಗಿ ರೆಕ್ಕಿ,
ಒಂದಲ್ಲ ಎರಡಲ್ಲ, ನಲವತ್ತು!
ಕಾಗಿ ಹೆದರಿ ಟಾಕಿ ಮ್ಯಾಲ ಕುಂತವು.
ಕೆಳಗ ಬೆಕ್ಕು ಎಲ್ಲಾ ಕೂಡಿ ಬಂದಿದ್ದವು,
ಇದೊಂದು ಮಾತ್ರ ನಾ ಜೋಡಿಸಿ ಹೇಳ್ಲಿಕ್ಕತ್ತೀನಿ.

'ಮೀನು ರೀ ಸಿಸ್ಟರ್' ಅಂದಳು, ಬಾಯಾಗ ಕ್ಲಿಪ್ಪು.
'ಕಾಲೇಜಿನ ಹುಡುಗೂರು. ಹಾಡಿನ ನಾಟಕ.
ಭೀಮಾ ಹೊಳಿ ಬತ್ತಿದ್ಮ್ಯಾಲ ಮೀನು ಎಲ್ಲಾ
ಊರಾಗ ಬಾಡಿಗಿ ಮನಿ ಹುಡುಕ್ತಾವಂತ.
ಶನಿವಾರ, ರಂಗಮಂದಿರ, ಸಂಜಿ ಆರೂವರಿ.'

'ನೋಡ್ಲಿಕ್ಕ ಹೋಗ್ತೀರೇನು?'

'ಅರೆ, ಹೋಗೇ ಹೋಗ್ತೀನಲ್ಲ, ಪಡದೆ ಹಿಂದ.
ಇಪ್ಪತ್ತಾರು ವರ್ಷ ಆತು, ಸೂಜಿ ಹಿಡಕೊಂಡು ನಿಂತು.
ಎಲ್ಲಾ ನಾಟಕ ನೋಡೀನಿ ನಾ,
ಬರೇ ಬೆನ್ನು.
ರಾಜಾನ ಬೆನ್ನು, ವಿಷ ಕುಡದ ಸೊಸಿ ಬೆನ್ನು.
ಅಳೋವಾಗ ಬೆನ್ನು ಹ್ಯಾಂಗ ನಡಗ್ತದ ಗೊತ್ತದ,
ಮಾರಿ ಏನು ಮಾಡ್ತದೋ ಅಲ್ಲಾಗೇ ಗೊತ್ತು.'

ಎಸ್ತೇರಮ್ಮಗ ಎರಡು ರಾತ್ರಿ ಕೊಟ್ಟು
ಒಂದು ಸಂಜಿ ಇಸಕೊಂಡೆ.
ಎರಡು ಟಿಕೀಟು, ಮೂರನೇ ಸಾಲು.
ಜೈತುನ್‌ಬಿ ಬುರ್ಖಾದ ಅಂಚಿಗಿ
ದಾರ ಪೋಣಿಸಿದ ಸೂಜಿ ಸಿಗಿಸಿಕೊಂಡೇ ಬಂದಳು.

ದೀಪ ಆರಿತು. ತಬಲಾ. ಮೀನು.
ಅವು ಬಾಡಿಗಿ ಮನಿ ಕೇಳ್ತಾವ:
ಯಾವ ಜಾತಿ, ಎಷ್ಟು ಮಂದಿ, ನೀರು ಎಷ್ಟು ಬಳಸ್ತೀರಿ?
ಜನ ಬಿದ್ದು ಬಿದ್ದು ನಕ್ಕರು.
ಈಕಿ ನಗಲಿಲ್ಲ. 'ಹದಿನೇಳನೇದ್ರ ಹುಕ್ಕು ಬಿಟ್ಟದ'
ಅಂತ ಅರ್ಧ ಎದ್ದೇಬಿಟ್ಟಳು. ರಟ್ಟಿ ಹಿಡದು ಕುಂಡ್ರಿಸಿದೆ.

ಆಮ್ಯಾಲ ಆಳಂದ ಕಡಿ ಒಂದು ಹುಡುಗಿ
ಗುಂಪು ಬಿಟ್ಟು ಮುಂದ ಬಂದು
ನಮ್ಮ ಕಡಿ ಮಾರಿ ಮಾಡಿ ಹಾಡಿದಳು.
ತಾಳ ಇಲ್ಲ, ಪೇಟಿ ಇಲ್ಲ,
ನಡುವ ಒಮ್ಮೆ ದನಿ ಒಡೀತು, ಹಂಗೇ ಹಾಡಿದಳು.

ಜೈತುನ್‌ಬಿ ಕೈ ಸೂಜಿ ಬಿಟ್ಟಿತ್ತು.
'ಯಾ ಅಲ್ಲಾ, ಎಷ್ಟು ಸಣ್ಣ ಕೂಸು ಇದು!
ನಡುವಿನ ಅಳತಿ ನಾನೇ ತಗೊಂಡೀನಿ,
ಎರಡು ಸಲ ಹೊಲಿಗಿ ಬಿಚ್ಚಿ ಹಾಕೀನಿ,
ಇಷ್ಟು ಸಣ್ಣದು ಅಂತ ಗೊತ್ತೇ ಆಗ್ಲಿಲ್ಲ ನೋಡ್ರಿ.'

ಮುಂದ ಏನೇನೋ ಆತು.
ಮೀನಿಗಿ ಮನಿ ಸಿಕ್ಕಿತೋ ಇಲ್ಲೋ, ನನಗ ನೆನಪಿಲ್ಲ,
ನಾ ಈಕಿ ಮಾರಿ ನೋಡ್ಲಿಕ್ಕತ್ತಿದ್ದೆ.

ಸೋಮವಾರ ಏಳಕ್ಕ ಮಾಳಗಿ ಹತ್ತಿದ್ರ
ಹಗ್ಗದ ತುಂಬ ಒದ್ದಿ ಮೀನು,
ಕೊನೀಗಿ ಒಂದು ಹಸರು ಜಂಪರ್, ಯಾರದೋ ಏನೋ,
ನೀರು ಇಳೀಲಿಕ್ಕತ್ತದ.
ಓಣಿ ಆಚಿಂದ ಕೂಗಿದಳು:
'ಸಿಸ್ಟರ್, ಮುಂದಿನ ನಾಟಕ ಯಾವುದ್ರೀ?'

ಬಾಯಿ ತುಂಬ ಬುರುಗು ನನಗ.
ಉಗುಳಿ, ಹೇಳಿದೆ:
'ಒಣಗ್ಲಿ ತಡೀರಿ, ನೋಡಿ ಹೇಳ್ತೀನಿ.'