ವಸಂತದ ಶೆಲ್ಫು

ಉಮ್ಮುಲ್ ಕುವೈನಿನಲ್ಲಿ ವಸಂತವೆಂದರೆ ಹನ್ನೊಂದು ದಿನ.
ಈ ಸಲ ಒಂಬತ್ತೇ, ಅನ್ನುತ್ತಾನೆ ಎಲಿಯಾಸ್,
ಲೆಬನಾನಿನವ, ನಮ್ಮ ಮ್ಯಾನೇಜರು.
"ಗುರುವಾರದೊಳಗೆ ಬಾಗಿಲ ಬಳಿಯ ಶೆಲ್ಫು ತುಂಬಬೇಕು.
ಯುರೋಪಿನದ್ದು. ಹಗುರದ್ದು.
ಆರು ವೈನು, ಆರು ಚೀಟಿ. ಚೀಟಿಯಲ್ಲಿ ಕವಿತೆ ಬೇಡ."

ಹೊರಗೆ ಹಿನ್ನೀರಿನಲ್ಲಿ, ಕಾಂಡ್ಲದ ಪೊದೆಗಳಾಚೆ,
ರಾಜಹಂಸಗಳು ಒಂಟಿಕಾಲಲ್ಲಿ ನಿಂತು ಯೋಚಿಸುತ್ತಿವೆ
ಹೊರಡುವುದೋ, ಇನ್ನೆರಡು ದಿನ ನೋಡುವುದೋ ಎಂದು.

ಮೊದಲನೆಯದು ಸುಲಭ. ಪೋರ್ಚುಗಲ್ಲಿನ ವಿನ್ಯೊ ವೆರ್ದೆ.
ಹೆಸರಿಗೆ ಹಸಿರು, ಕಣ್ಣಿಗೆ ನೀರು,
ನಾಲಿಗೆಯ ತುದಿಯನ್ನು ಚಿವುಟಿ ಓಡಿಹೋಗುವ ಗುಳ್ಳೆ.
ಇದು ನನಗೆ ಗೊತ್ತಿತ್ತು.
ಬೆಳಗಿನ ಆರೂವರೆಗೆ ತಾಳೆಮರದಿಂದ ಇಳಿದ ಅಪ್ಪ
ಮಡಕೆಯ ನೊರೆಗೆ ಬೆರಳದ್ದಿ ನನ್ನ ತುಟಿಗೆ ಸವರಿದಾಗ
ಇದೇ ಚಿವುಟು.
ಹತ್ತು ಗಂಟೆಗೆ ಅದರ ಜಾತಿ ಬೇರೆ, ಮಧ್ಯಾಹ್ನಕ್ಕೆ ಬೇರೆ,
ಸಂಜೆಯದ್ದು ಜಗಳಕ್ಕೆ ಮಾತ್ರ ಅಂತ ಅವರ ಲೆಕ್ಕ.
ಈಗ ಮೊಣಕಾಲು ಮರ ಹತ್ತಲು ಬಿಡುವುದಿಲ್ಲ.
ಫೋನಿನಲ್ಲಿ ಕೇಳುತ್ತಾರೆ:
"ಬಾಯಿಗೆ ಹಾಕಿ ಉಗುಳುತ್ತೀಯಂತೆ, ಹೌದಾ ಮಾರಾಯ?
ಉಗುಳುವುದಕ್ಕೂ ಸಂಬಳವಾ?"

ರೋಸೆ ಇಡಲೇಬೇಕು, ಪ್ರೊವಾನ್ಸಿನದು.
ಅದನ್ನು ಯಾರೂ ರುಚಿ ಕೇಳಿ ಒಯ್ಯುವುದಿಲ್ಲ;
ಸೀರೆಯಂಗಡಿಯ ಹಾಗೆ ಬೆಳಕಿಗೆ ಹಿಡಿದು,
ಇನ್ನೂ ಸ್ವಲ್ಪ ತಿಳಿಯದ್ದು ಇದೆಯಾ, ಅನ್ನುತ್ತಾರೆ.

ಮೊಸೆಲ್ ನದಿಯ ರೀಸ್ಲಿಂಗಿಗೆ
ಒದ್ದೆ ಕಲ್ಲಿನ ವಾಸನೆ, ಎನ್ನುತ್ತದೆ ಪುಸ್ತಕ.
ಯಾವ ಕಲ್ಲು? ನಾನು ಬಹಳ ದಿನ ತಲೆಕೆಡಿಸಿಕೊಂಡೆ.
ಆಮೇಲೊಂದು ಮಧ್ಯಾಹ್ನ, ಎರಡನೆಯ ಗುಟುಕಿಗೆ,
ಹಿಟ್ಟು ಬಾಚಿ ತೆಗೆದಾದ ಮೇಲೆ
ಅಮ್ಮ ಒಂದು ಚೆಂಬು ನೀರು ಸುರಿದ ಒರಳು.
ಅಷ್ಟೇ. ಉಗುಳಲಿಲ್ಲ, ನುಂಗಿಬಿಟ್ಟೆ.

ಸ್ಪೇನಿನ ಆಲ್ಬರಿನ್ಯೊ: ಕಾಣೆ ಮೀನಿಗೆ ಹೌದು, ಬಂಗುಡೆಗೆ ಅಲ್ಲ.
ಆಸ್ಟ್ರಿಯಾದ್ದೊಂದು, ಹೆಸರು ಹೇಳಲು ಎರಡು ವಾರ ಹಿಡಿಯಿತು,
ಹೇಳಿದ ಮೇಲೆ ಗಂಟಲಲ್ಲಿ ಬಿಳಿಮೆಣಸು ಉಳಿಯುತ್ತದೆ.

ಆರನೆಯದಕ್ಕೆ ಬಿಳಿಯದ್ದೇ ಇಡು ಅಂದ ಎಲಿಯಾಸ್.
ನಾನು ಕೆಂಪು ಇಟ್ಟೆ. ಫ್ರಾನ್ಸಿನ ಶಿನೋಂ,
ತುಸು ತಣ್ಣಗಿರಬೇಕು, ಕೊಡದ ನೀರಿನಷ್ಟು.
ಕುಡಿದ ಮೇಲೆ ಒಸಡನ್ನು ಮೆಲ್ಲಗೆ ಹಿಡಿದೆಳೆಯುತ್ತದೆ,
ಮಾರ್ಚಿ ತಿಂಗಳ ಗುಡ್ಡೆಯಲ್ಲಿ ಅವಸರಕ್ಕೆ ಕಚ್ಚಿ,
ರಸ ಅಂಗಿಗೆ ಬಿದ್ದು, ಹೊಡೆತ ತಿಂದರೂ
ಮರುದಿನ ಮತ್ತೆ ಕಚ್ಚಿದ ಗೇರುಹಣ್ಣಿನ ಹಾಗೆ.
ಇಂಗ್ಲಿಷಿನಲ್ಲಿ ಇದಕ್ಕೊಂದು ಪದ ಉಂಟು,
ಗಾಯಕ್ಕೆ ಹಚ್ಚುವ ಔಷಧಿಯ ಹಾಗೆ ಕೇಳುತ್ತದೆ.
ಪೆನ್ನು ಹಿಡಿದು ಕೂತೆ. ಅಂಗಡಿ ಮುಚ್ಚುವ ಹೊತ್ತು.
ಚೀಟಿಯಲ್ಲಿ ಬರೆದೆ: ಒಗರು.

"ಈ ಜಿಲೇಬಿ ಏನು?" ಅಂದ ಎಲಿಯಾಸ್.
ಬೆಲೆ, ಅಂದೆ.

ಶನಿವಾರ ಬಂದರು ಇಲೋನಾ,
ದುಬೈಯಲ್ಲಿ ಪಿಯಾನೊ ಕಲಿಸುವ ಹಂಗೇರಿಯ ಮುದುಕಿ.
ಶಾರ್ಜಾ ದಾಟುವಾಗ ಎದೆ ಹೊಡೆದುಕೊಳ್ಳುತ್ತದೆಂದು
ಬಾಟಲಿಗಳಿಗೆ ಸ್ವರಲಿಪಿಯ ಹಾಳೆ ಸುತ್ತಿ,
ಮೇಲೊಂದು ಕಂಬಳಿ ಹೊದಿಸಿ, ಡಿಕ್ಕಿಯಲ್ಲಿ ಮಲಗಿಸುವವರು.
ಚೀಟಿಯ ಮೇಲೆ ಬೆರಳಿಟ್ಟರು. ಓದಿ ಹೇಳಿದೆ.
ಅರ್ಥ ಹೇಳಲು ಬರಲಿಲ್ಲ; ಕೆನ್ನೆ ಒಳಗೆ ಎಳೆದುಕೊಂಡು ತೋರಿಸಿದೆ.
ಅವರೂ ಎಳೆದುಕೊಂಡರು.
ಇಬ್ಬರೂ ಹಾಗೇ ಒಂದು ಗಳಿಗೆ, ಮೀನುಗಳ ಹಾಗೆ.
"ಫನ್ಯರ್," ಅಂದರು ಆಮೇಲೆ, "ನಮ್ಮಲ್ಲಿ ಅದು ಫನ್ಯರ್.
ಹಣ್ಣಿಗೂ ಹೇಳುತ್ತೇವೆ. ನಗುವಿಗೂ."

ಎರಡು ಶಿನೋಂ ಒಯ್ದರು. ಚೀಟಿಯನ್ನೂ ಒಯ್ದರು, ಕೇಳದೆ.

ಸೋಮವಾರ ಗಾಳಿ ತಿರುಗಿತು. ಗಾಜಿನ ಬಾಗಿಲಿಗೆ ಹುಡಿ.
ಹಿನ್ನೀರಿನಲ್ಲಿ ಯಾರೂ ಇಲ್ಲ.
ನಾನು ಇನ್ನೊಂದು ಚೀಟಿ ಬರೆದು ಅಂಟಿಸಿದೆ,
ಕೆಳಗೆ, ಕೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲದೆ,
ಅವರ ಪದವನ್ನೂ, ನಮ್ಮ ಅಕ್ಷರದಲ್ಲಿ.