ಪಾಂಡವಪುರದ ಗ್ರಾಫ್ ಹಾಳೆ

ಎರಡು ದೇಶ. ಒಂದಕ್ಕೆ ನೀಲಿ ಪೆನ್ಸಿಲ್, ಒಂದಕ್ಕೆ ಕೆಂಪು.
ಮೂವತ್ತು ವರ್ಷ ಅಡ್ಡಗೆರೆಯ ಮೇಲೆ ಕೂತಿವೆ.
ಚೌಕಕ್ಕೊಂದು ಲಕ್ಷ ಹೆಕ್ಟೇರು, ಎಂದೆ,
ನೆಟ್ಟದ್ದು ಬಿಡಿ, ತಾನೇ ಹುಟ್ಟಿದ ಕಾಡಷ್ಟೇ ಲೆಕ್ಕ.

ನೀಲಿ ಇಳಿಯಿತು ಜಾರುಬಂಡೆಯ ಹಾಗೆ.
ಕೆಂಪು ತುಸು ಏರಿ, ಅನುಮಾನಿಸಿ, ಮತ್ತೆ ಏರಿತು.

ಕೊನೇ ಬೆಂಚಿನ ಪುಟ್ಟಲಕ್ಷ್ಮಿ ಎದ್ದು ನಿಂತಳು:
‘ತಾನೇ ಹುಟ್ಟದ್ದು ಅಂತ ಹೆಂಗ್ ಗೊತ್ತಾಯ್ತದೆ ಸಾ?
ನಮ್ಮಜ್ಜಿ ಮೇಲುಕೋಟೆ ಗುಡ್ಡದ ಮೂಡಲ ಮಗ್ಗುಲಿಗೆ
ಮೂರೊರ್ಸದಿಂದ ಆಡು ಹೊಡ್ಕಂಡೋಗಿಲ್ಲ.
ಕಾಡು ಬೆಳೀಲಿ ಅಂತಲ್ಲ, ಮಂಡಿ ನೋವು.
ಈಗಲ್ಲಿ ಕಗ್ಗಲಿ, ಕಾರೆ,
ಪಿಕಳಾರ ಕೂರೋಕೆ ಒಂದು ದಿಂಡಿಗ.
ಅದ್ನ ಕೆಂಪಲ್ಲಿ ಬರೀಲಾ, ನೀಲೀಲಾ?’

ಬೆಲ್ಲು ಹೊಡೆಯಿತು. ಹುಡುಗರು ಹೋದರು.
ಪೆನ್ಸಿಲ್ ಜೀವುತ್ತಾ ಕೂತೆ;
ಎಷ್ಟು ಚೂಪಾದರೂ
ಮೊನೆಯೇ ಆ ಗುಡ್ಡಕ್ಕಿಂತ ಅಗಲ.