ಹಳೇ ಮೇಡಂ

ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಆಂಪ್ಲಿಫೈಯರು
ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ ನನ್ನ ಮೇಜಿನ ಮೇಲೆ.
ದೂರು ಒಂದೇ ಸಾಲು: ದನಿ ಸೊಳ್ಳೆಯಾಗಿದೆ.

ಮೈಕಿನ ಮುಂದೆ ಸುಗುಣಾಬಾಯಿ, ಹತ್ತೊಂಬತ್ತು ವರ್ಷದಿಂದ.
ಕೋಣಂದೂರು ಅಂದರೆ ಕೋಣವೇ ಎದ್ದು ನಿಲ್ಲಬೇಕು, ಅಂಥ ಗಂಟಲು.
ಈಗ ರಿಪ್ಪನ್‌ಪೇಟೆಯೂ ಪಿಟೀಲಿನ ತುದಿತಂತಿ.
ಯಾರೋ ಹೊಸ ಹುಡುಗಿ ಅಂದುಕೊಂಡಿದ್ದಾರೆ ಜನ.

ಎರಡು ಟ್ರಾನ್ಸಿಸ್ಟರುಗಳ ನಡುವೆ ಒಂದು ಕೆಪಾಸಿಟರ್.
ಒಳಗೆ ಎರಡು ಹಾಳೆ, ಒಂದನ್ನೊಂದು ಮುಟ್ಟುವುದಿಲ್ಲ.
ಈಚೆ ಆರು ವೋಲ್ಟ್, ಆಚೆ ಒಂದೂ ತುಂಬದು.
ನಿಂತದ್ದು ನಿಂತಲ್ಲೇ;
ದಾಟುವುದು ನಡುಕ ಮಾತ್ರ.
'ಸಾಲ ಇಲ್ಲೇ ಇಟ್ಟು ಸುದ್ದಿಯಷ್ಟೇ ಕಳಿಸೋದು ಕಣೇ'
ಅನ್ನುತ್ತಿದ್ದರು ಲಾಜರ್ ಮೇಷ್ಟ್ರು,
ಬೆಸುಗೆಯ ಹೊಗೆಗೆ ಕಣ್ಣು ಕಿರಿದು ಮಾಡಿ.

ನಡುಕದಲ್ಲೂ ಅವಸರದ್ದು, ನಿಧಾನದ್ದು ಉಂಟು.
ಕೆಪಾಸಿಟರು ಚಿಕ್ಕದಾದರೆ
ಸಿಳ್ಳು ದಾಟುತ್ತದೆ, ಎದೆ ಹಿಂದುಳಿಯುತ್ತದೆ.
ಕಳೆದ ಸಲ ಯಾರೋ ಹತ್ತು ಮೈಕ್ರೋ ಸಿಗದೆ
ಪಾಯಿಂಟ್ ಸೊನ್ನೆ ಒಂದು ಬೆಸೆದಿದ್ದಾರೆ.
ಯಾರು? ತವರದ ಬೊಟ್ಟು ನೋಡಿದೆ, ಕಾಲು ಮಡಿಸಿದ ರೀತಿ ನೋಡಿದೆ.
ನಾನೇ.
ಶನಿವಾರ, ಅಂಗಡಿ ಮುಚ್ಚುವ ಹೊತ್ತು.

ದುರ್ಗಿಗುಡಿಯಲ್ಲಿ ಏಳು ರೂಪಾಯಿಗೆ ಸಿಕ್ಕಿತು.
ಪ್ಲಸ್ ಕಾಲು ಆರು ವೋಲ್ಟಿನ ಕಡೆಗೆ;
ಈ ಸಲ ಎರಡೆರಡು ಬಾರಿ ನೋಡಿದೆ.

ನಾಲ್ಕೂ ಹತ್ತು. 'ತೀರ್ಥಹಳ್ಳಿ, ಕೋಣಂದೂರು ಕಡೆಗೆ ಹೋಗುವ...'
ಬೆಂಚಿನಡಿಯ ನಾಯಿ ಕಿವಿ ಎತ್ತಿತು.
ಬಾಗಿಲ ಹಿಡಿ ಹಿಡಿದ ಕಂಡಕ್ಟರ್ ನಕ್ಕ:
'ಅಬ್ಬ, ಹಳೇ ಮೇಡಂ ವಾಪಸ್ ಬಂದ್ರು.'

ಗಾಜಿನಾಚೆ ಸುಗುಣಾಬಾಯಿ
ಫ್ಲಾಸ್ಕಿನ ಮುಚ್ಚಳ ತಿರುವುತ್ತಿದ್ದರು.